ಸದರಿ ಇಸಮಿನ ಶನಿವಾರಗಳು

ಅಮೆರಿಕದ ಪಾರ್ಸಿಪನಿಯ ಕನ್ನಡಿಗರಲ್ಲಿ ಯಾರ ಮನೆಗಾದರೂ ಪೊಲೀಸು, ಕೋರ್ಟು, ನೋಟಿಸು ಎಂಬ ಶಬ್ದ ಕಾಲಿಟ್ಟರೆ ಮೊದಲ ಫೋನು ಹೋಗುತ್ತಿದ್ದದ್ದು ಶಿವಪ್ರಕಾಶನಿಗೆ. ಅವನು ವಕೀಲನಲ್ಲ. ಒಂದು ವಿಮಾ ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾ ಹದಿನೇಳು ವರ್ಷ ಕಳೆದ, ನಲವತ್ತೊಂಬತ್ತರ, ಮಂಡ್ಯ ಕಡೆಯ ಮನುಷ್ಯ. ಆದರೆ ಎಂಟು ವರ್ಷದ ಹಿಂದೆ ಸ್ಟಾಪ್ ಸೈನಿನ ಬಳಿ ಕಾರು ನಿಲ್ಲಿಸಲಿಲ್ಲವೆಂದು ಬಂದ ಟಿಕೆಟ್ಟನ್ನು ತಾನೇ ಕೋರ್ಟಿಗೆ ಹೋಗಿ, ಜಡ್ಜಿನ ಎದುರು ವಾದ ಮಾಡಿ, ವಜಾ ಮಾಡಿಸಿಕೊಂಡು ಬಂದೆನೆಂದು ಅವನು ಯುಗಾದಿ ಊಟದ ಸಾಲಿನಲ್ಲಿ ಹೇಳಿದ್ದ. ಸಾಲು ಮುಗಿಯುವಷ್ಟರಲ್ಲಿ ಅವನಿಗೆ 'ಲಾ ಪಾಯಿಂಟ್' ಎಂಬ ಬಿರುದು ಅಂಟಿತ್ತು.

ಅಂದಿನಿಂದ ಪಕ್ಕದ ಮನೆಯ ಮರದ ಕೊಂಬೆ ನಮ್ಮ ಹಿತ್ತಲಿಗೆ ಬಂದರೆ ಏನು ಮಾಡಬೇಕು, ಬಾಡಿಗೆ ಮನೆಯಲ್ಲಿ ಹೋಮ ಮಾಡಿದಾಗ ಸ್ಮೋಕ್ ಅಲಾರಂ ಕೂಗಿದರೆ ಅಪರಾಧ ಯಾರದು, ಇಂಥ ಸಂಶಯಗಳೆಲ್ಲ ಅವನ ಬಳಿಗೆ ಬರತೊಡಗಿದವು. ಅವನು ಪ್ರತಿ ಉತ್ತರವನ್ನೂ "ಸಂವಿಧಾನದ ಪ್ರಕಾರ ನೋಡಿದ್ರೆ" ಎಂದು ಶುರು ಮಾಡುತ್ತಿದ್ದ. ಅಲ್ಲಿಂದ ಮುಂದೆ ಅವನು ಏನು ಹೇಳಿದರೂ ಜನ ಬರೆದುಕೊಳ್ಳುತ್ತಿದ್ದರು. 'ಕಾನೂನು ಸಹಾಯ' ಎಂಬ ವಾಟ್ಸಾಪ್ ಗುಂಪಿನಲ್ಲಿ ನಲವತ್ತೊಂದು ಜನ ಇದ್ದರು.

ಅವನ ಮನೆಯಲ್ಲಿ ಎರಡು ವರ್ಷದಿಂದ ಹೆಂಡತಿಯ ತಾಯಿ, ಅತ್ತೆ ರುದ್ರಮ್ಮನವರೂ ಇದ್ದರು. ರೋಣದ ಕಡೆಯವರು, ಅರವತ್ಮೂರು ವಯಸ್ಸು, ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಗಂಡ ತಿಪ್ಪಣ್ಣ ತೀರಿಕೊಂಡ ಮೇಲೆ ಮಗಳು ಅಕ್ಷತಾ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದಳು. ಮಾತು ಕಮ್ಮಿ. ಯಾರಾದರೂ ಸುಳ್ಳು ಹೇಳಿದರೆ ಎದುರಿಗೆ ಏನೂ ಅನ್ನದೆ, ಎಲೆ ಅಡಿಕೆ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಶಿವಪ್ರಕಾಶ ಇದ್ದಾಗ ಅವರ ದವಡೆ ಆಗಾಗ ನಿಲ್ಲುತ್ತಿತ್ತು.

ಜನವರಿಯಿಂದ ಅತ್ತೆಯ ದಿನಚರಿಯಲ್ಲಿ ಒಂದು ವಿಚಿತ್ರ ಸೇರಿತ್ತು. ಮಂಗಳವಾರ ಮತ್ತು ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಮನೆಯ ಮುಂದೆ ಒಂದು ಕೆಂಪು ಕಾರು ಬರುತ್ತಿತ್ತು. ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು, ಬೆನ್ನಿಗೊಂದು ಚೀಲ ಹಾಕಿಕೊಂಡು ರುದ್ರಮ್ಮ ಅದನ್ನು ಹತ್ತಿ ಹೋಗುತ್ತಿದ್ದರು. ನಡೆಸುವವಳು ಕಿವಿತುಂಬ ರಿಂಗು ಹಾಕಿದ ಅಮೆರಿಕನ್ ಹೆಂಗಸು. ಎಲ್ಲಿಗೆ ಎಂದು ಕೇಳಿದರೆ, ಲೈಬ್ರರಿಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಎಂದು ಅಕ್ಷತಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ್ದಳು. ಇಂಗ್ಲಿಷ್ ಕಲಿಯಲು ಅಷ್ಟು ದಪ್ಪದ ಚೀಲ ಯಾಕೆ ಎಂದು ಅವನಿಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಅವನು ಮನಸ್ಸಿನಲ್ಲಿ ಒಂದು ಬಗ್ ಎಂದು ದಾಖಲಿಸಿಕೊಂಡು ಸುಮ್ಮನಾಗಿದ್ದ.

ಮಾರ್ಚ್ ತಿಂಗಳ ಒಂದು ಬುಧವಾರ, ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ಫೋನಿನ ಚಾರ್ಜರು ಹುಡುಕುತ್ತಾ ಅವನು ಅತ್ತೆಯ ಕೋಣೆಗೆ ಹೋದ. ಅವರು ವಾಕಿಂಗಿಗೆ ಹೋಗಿದ್ದರು. ವಿಭೂತಿ ಡಬ್ಬಿಯ ಕೆಳಗೆ ಒಂದು ನೋಟ್‌ಬುಕ್ಕಿತ್ತು. ಚಾರ್ಜರು ನೋಟ್‌ಬುಕ್ಕಿನ ಒಳಗೆ ಇರುವ ಸಂಭವ ಇಲ್ಲದಿದ್ದರೂ ಅವನು ಅದನ್ನು ತೆರೆದ. ಮುತ್ತು ಪೋಣಿಸಿದಂಥ ಅಕ್ಷರ.

"ದಿನಾಂಕ ೮, ಶನಿವಾರ. ಸದರಿ ಇಸಮು ಮುಂಜಾನೆ ೯ ಗಂಟೆ ೪೦ ನಿಮಿಷಕ್ಕೆ ಜಿಮ್ಮಿಗೆ ಹೋಗುವುದಾಗಿ ತಿಳಿಸಿ ಬೂದು ಬಣ್ಣದ ವಾಹನದಲ್ಲಿ ನಿರ್ಗಮಿಸಿದ್ದು, ಮಧ್ಯಾಹ್ನ ೧ ಗಂಟೆ ೧೫ ನಿಮಿಷಕ್ಕೆ ಹಿಂತಿರುಗಿದ್ದು ಇರುತ್ತದೆ. ಇಸಮಿನ ನೀಲಿ ಚೀಲವನ್ನು ಪರಿಶೀಲಿಸಲಾಗಿ ಟವೆಲು ಒಣಗಿದ್ದು, ಮಡಿಕೆ ಮುರಿಯದೇ ಇರುವುದು ಕಂಡುಬಂದಿರುತ್ತದೆ. ಮೀಸೆಯ ಎಡ ತುದಿಯಲ್ಲಿ ಕೊಬ್ಬರಿ ಚಟ್ನಿಯನ್ನು ಹೋಲುವ ಬಿಳಿ ಪದಾರ್ಥ ಇದ್ದು, ಇಸಮು ಮಧ್ಯಾಹ್ನದ ಊಟವನ್ನು ನಿರಾಕರಿಸಿರುತ್ತಾನೆ."

ಸದರಿ ಇಸಮು ಎಂದರೆ ಪೊಲೀಸರ ಭಾಷೆಯಲ್ಲಿ 'ಮೇಲ್ಕಂಡ ವ್ಯಕ್ತಿ'. ಆ ವ್ಯಕ್ತಿ ಯಾರೆಂದು ತಿಳಿಯಲು ಅವನು ಹಿಂದಿನ ಪುಟ ತಿರುಗಿಸಿದ. ಅಲ್ಲಿ ಚಹರೆ ಇತ್ತು: ಎತ್ತರ ಐದು ಅಡಿ ಆರು ಇಂಚು, ದುಂಡು ಮುಖ, ನೆತ್ತಿ ಬೋಳು, ನಡೆಯುವಾಗ ಹೊಟ್ಟೆ ಮುಂದಾಗಿರುತ್ತದೆ, ಅಂದಾಜು ವಯಸ್ಸು ಐವತ್ತೈದರಿಂದ ಅರವತ್ತು. ಕೊನೆಯ ಸಾಲಿನವರೆಗೂ ಅವನಿಗೆ ತಾನೇ ಎಂಬ ಸಂಶಯ ಗಟ್ಟಿಯಾಗಿತ್ತು. ವಯಸ್ಸು ಓದಿದ ಮೇಲೆ, ಬೇರೆ ಯಾರೋ ಇರಬಹುದೆಂದು ಒಂದು ಗಳಿಗೆ ಆಸೆ ಹುಟ್ಟಿತು. ಆದರೆ ನೀಲಿ ಚೀಲ ಅವನದೇ.

ಇಲ್ಲಿ ಒಂದು ಸತ್ಯ ಹೇಳಬೇಕು. ಸಕ್ಕರೆ ಏರಿದೆಯೆಂದು ಡಾಕ್ಟರು ಹೆದರಿಸಿದಾಗಿನಿಂದ ಶಿವಪ್ರಕಾಶ ಶನಿವಾರ ಜಿಮ್ಮಿಗೆ ಹೋಗುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದ. ಒಂದೂವರೆ ವರ್ಷದಿಂದ ಅವನು ಪ್ರತಿ ಶನಿವಾರ ಬ್ರಿಡ್ಜ್‌ವಾಟರಿಗೆ ಡ್ರೈವ್ ಮಾಡಿ, ವೆಂಕಟೇಶ್ವರನಿಗೆ ಹೊರಗಿನಿಂದ ಕೈಮುಗಿದು, ದೇವಸ್ಥಾನದ ಕ್ಯಾಂಟೀನಿನಲ್ಲಿ ಗೆಳೆಯ ಸುರೇಶನ ಜೊತೆ ಎರಡು ಮಸಾಲೆ ದೋಸೆ, ಒಂದು ಪುಳಿಯೋಗರೆ ತಿಂದು ಬರುತ್ತಿದ್ದ. ದೇವರ ಸನ್ನಿಧಿಯಲ್ಲಿ ತಿಂದದ್ದು ರಕ್ತದಲ್ಲಿ ಸೇರುವುದಿಲ್ಲ ಎಂಬುದು ಸುರೇಶನ ಅಭಿಪ್ರಾಯ.

ಅತ್ತೆ ಮಗಳ ಪರವಾಗಿ ಕಣ್ಣಿಟ್ಟಿದ್ದಾರೆ ಎಂದು ಅವನು ತೀರ್ಮಾನಿಸುತ್ತಿರುವಾಗ ಎದುರು ಪುಟ ಕಣ್ಣಿಗೆ ಬಿತ್ತು. ಅದೇ ವರದಿ, ತಡವರಿಸುವ ಇಂಗ್ಲಿಷಿನಲ್ಲಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ಇಂಗ್ಲಿಷಿನಲ್ಲೇ ಬರೆದಿತ್ತು: "ಒಳ್ಳೆಯ ಕೆಲಸ. ಇವನು ಏನು ಮುಚ್ಚಿಡುತ್ತಿದ್ದಾನೆ? ನಿಗಾ ಮುಂದುವರಿಸಿ. — ಸಾರ್ಜೆಂಟ್ ಡೊನೆಲಿ."

ಚಾರ್ಜರು ಕೊನೆಗೂ ಸಿಗಲಿಲ್ಲ. ಅವನು ಹುಡುಕಲೂ ಇಲ್ಲ.

ಮರುದಿನ ಸಂಜೆ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಸುರೇಶನನ್ನು ಕರೆಸಿಕೊಂಡು ಎಲ್ಲ ಹೇಳಿದ. ಸುರೇಶ ಔಷಧ ಕಂಪನಿಯಲ್ಲಿ ಕೆಲಸ ಮಾಡುವವನು, ಏನನ್ನೂ ಹಗುರವಾಗಿ ತೆಗೆದುಕೊಳ್ಳುವವನಲ್ಲ. ದೋಸೆ ತಿಂದದ್ದಕ್ಕೆ ಸಾರ್ಜೆಂಟ್ ಯಾಕೆ ಬರುತ್ತಾನೆ ಎಂದು ಮೊದಲು ಕೇಳಿದ. ಆಮೇಲೆ ತಾನೇ ಉತ್ತರ ಹುಡುಕಿದ.

"ನಿಮ್ಮತ್ತೆ ಬರೀ ಕೈ ಕಣಯ್ಯ. ತಲೆ ಬೇರೆ ಕಡೆ ಇದೆ. ಲೈಸೆನ್ಸ್ ಇಲ್ದೆ ಎಂಟು ವರ್ಷ ಕಾನೂನು ಸಲಹೆ ಕೊಟ್ಟಿದೀಯ. ಅದು ಈ ದೇಶದಲ್ಲಿ ಸಣ್ಣ ವಿಷಯ ಅಲ್ಲ."

ಶಿವಪ್ರಕಾಶನಿಗೆ ಇದು ಹೊಳೆದಿರಲಿಲ್ಲ. ತನ್ನ ಹೆಸರನ್ನೂ ಬರೆದಿದ್ದಾರೆಯೇ ಎಂದು ಸುರೇಶ ಕೇಳಿದ. ಇಲ್ಲವೆಂದಾಗ, ಇನ್ನು ಮುಂದೆ ಬರೆಯುವ ಅವಕಾಶ ಕೊಡುವುದು ಬೇಡವೆಂದು ಹೇಳಿ, ಬೇಳೆ ತರಲು ಬಂದವನು ಬೇಳೆ ತೆಗೆದುಕೊಳ್ಳದೆ ಹೊರಟುಹೋದ.

ಶಿವಪ್ರಕಾಶ ಆ ಕ್ಷಣದಿಂದ ಕಾನೂನು ಪಾಲಿಸತೊಡಗಿದ. ಸ್ಟಾಪ್ ಸೈನು ಬಂದರೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಹೊರಗೆ ಕೇಳುವಂತೆ ಒನ್, ಟೂ, ಥ್ರೀ ಎಣಿಸಿ ಮುಂದೆ ಹೋದ. ಹಿಂದಿದ್ದವರು ಹಾರನ್ ಒತ್ತಿದರೆ ಇನ್ನೊಮ್ಮೆ ಎಣಿಸಿದ. ರೀಸೈಕ್ಲಿಂಗಿಗೆ ಇಡುವ ಮೊಸರಿನ ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿದ. ಶನಿವಾರ ನಿಜವಾಗಿ ಜಿಮ್ಮಿಗೆ ಹೋಗಿ, ಓಡುವ ಯಂತ್ರದ ಮೇಲೆ ಹನ್ನೊಂದು ನಿಮಿಷ ನಿಂತು, ಒದ್ದೆ ಟವೆಲನ್ನು ಎಲ್ಲರಿಗೂ ಕಾಣುವಂತೆ ಹಾಲಿನ ಕುರ್ಚಿಯ ಮೇಲೆ ಹರಡಿದ. ಸೀಲಿಂಗಿನ ಸ್ಮೋಕ್ ಅಲಾರಮ್ಮಿನಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಅದರ ಕೆಳಗೆ ನಿಂತು, ಈ ದೇಶದ ಕಾನೂನಿನ ಬಗ್ಗೆ ತನಗೆ ಅಪಾರ ಗೌರವವಿದೆಯೆಂದೂ, ಸಲಹೆ ಬೇಕಾದವರು ಅರ್ಹ ವಕೀಲರನ್ನು ಕಾಣುವುದೇ ಒಳ್ಳೆಯದೆಂದೂ ಇಂಗ್ಲಿಷಿನಲ್ಲಿ ಹೇಳಿದ. ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಅಕ್ಷತಾ ಕೇಳಿದಳು. ಯಾರ ಜೊತೆಗೂ ಇಲ್ಲ ಎಂದ. ರುದ್ರಮ್ಮನವರ ದವಡೆ ನಿಂತಿತು.

ಎರಡು ವಾರದ ನಂತರ ಧೈರ್ಯ ಮಾಡಿ ಮತ್ತೆ ವಿಭೂತಿ ಡಬ್ಬಿ ಎತ್ತಿದ. "ಸದರಿ ಇಸಮಿನ ನಡತೆಯಲ್ಲಿ ಏಕಾಏಕಿ ಬದಲಾವಣೆ ಕಂಡುಬಂದಿದ್ದು, ಟವೆಲು ಒದ್ದೆಯಾಗಿರುತ್ತದೆ. ಇಸಮು ಸೂರಿನೊಂದಿಗೆ ಮಾತನಾಡುತ್ತಿರುತ್ತಾನೆ." ಕೆಳಗೆ ಕೆಂಪು ಶಾಯಿ: "ತನ್ನ ಮೇಲೆ ಕಣ್ಣಿದೆ ಎಂದು ಅವನಿಗೆ ಗೊತ್ತಾಗಿರಬಹುದು. ಎಚ್ಚರಿಕೆ."

ಒಳ್ಳೆಯವನಾದರೂ ಸಂಶಯ, ಕೆಟ್ಟವನಾದರೂ ಸಂಶಯ ಎಂಬ ಸ್ಥಿತಿಯಲ್ಲಿ ಅವನಿದ್ದಾಗ ಊರು ತನ್ನ ಕೆಲಸ ಮಾಡಿತು. ಸುರೇಶ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಮಾತ್ರ ಹೇಳಿದ್ದ. ಆಕೆಯೂ ಯಾರಿಗೂ ಹೇಳಲಿಲ್ಲ, ವೆಸ್ಟ್ ವಿಂಡ್ಸರಿನ ತಂಗಿಯನ್ನು ಬಿಟ್ಟು. ವಾರದೊಳಗೆ 'ಕಾನೂನು ಸಹಾಯ' ಗುಂಪಿನಲ್ಲಿ ಮೂವರು ಉಳಿದರು: ಶಿವಪ್ರಕಾಶ, ಗುಂಪಿನಿಂದ ಹೊರಬರುವುದು ಹೇಗೆಂದು ತಿಳಿಯದ ಸುರೇಶ, ಮತ್ತು ಮೂರು ವರ್ಷದ ಹಿಂದೆಯೇ ಭಾರತಕ್ಕೆ ಮರಳಿದ್ದ ಒಬ್ಬ ಡಾಕ್ಟರು. ಎರಡು ಮನೆ ಆಚೆಯ ವೀರೇಂದ್ರ, ಬೆಳಗಾವಿಯವನು, ಒಂದು ಸಂಜೆ ಬಾಗಿಲು ತಟ್ಟಿ, ಒಳಗೆ ಕರೆದರೂ ಬರದೆ, ಮೆಟ್ಟಿಲ ಮೇಲೆ ನಿಂತೇ ಒಂದು ಹಾಳೆ ಮುಂದಿಟ್ಟ.

"ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಸಲಹಾ ನಾ ಯಾವತ್ತೂ ತಗೊಂಡಿಲ್ಲ ಅಂತ ಒಂದು ಸಹಿ ಮಾಡಿಕೊಡ್ರಿ."

ಬೇಲಿಯ ವಿಷಯದಲ್ಲಿ ತಗೊಂಡಿದ್ದೀರಲ್ಲ ಎಂದು ಶಿವಪ್ರಕಾಶ ನೆನಪಿಸಿದ. ತಗೊಂಡು ಬೇಲಿ ಕಿತ್ತುಹಾಕಿಸಬೇಕಾಯಿತು, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ವೀರೇಂದ್ರ ವಾದಿಸಿದ. ಬರವಣಿಗೆಯಲ್ಲಿ ಏನನ್ನೂ ಕೊಡಬಾರದೆಂಬುದು ತನ್ನ ಲಾ ಪಾಯಿಂಟು ಎಂದು ಶಿವಪ್ರಕಾಶ ಹೇಳಿದ. ವೀರೇಂದ್ರ ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿದ. ಅದೂ ಸಲಹೆಯಾಗಿಬಿಟ್ಟರೆ ಎಂಬ ಭಯ ಅವನಿಗೆ.

ಹೀಗಿದ್ದರೂ ಬಸವ ಜಯಂತಿಯ ಭಾನುವಾರ ಇಬ್ಬರೂ ಊಟಕ್ಕೆ ಬಂದರು. ರುದ್ರಮ್ಮನವರ ಹೋಳಿಗೆ, ಎಣಗಾಯಿ ಅಂದರೆ ಯಾವ ಸಂಶಯವನ್ನಾದರೂ ಒಂದು ಹೊತ್ತು ಬದಿಗಿಡಬಹುದು. ಆದರೂ ಇಬ್ಬರೂ ಕಾರುಗಳನ್ನು ಮುಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬಂದಿದ್ದರು. ಎಲೆಗೆ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ, ಹನ್ನೆರಡೂವರೆಗೆ, ಮನೆಯ ಮುಂದೆ ಪೊಲೀಸ್ ಕಾರು ಬಂದು ನಿಂತಿತು.

ಇಳಿದವಳು ಆರಡಿ ಎತ್ತರದ, ನರೆತ ಕೂದಲಿನ ಹೆಂಗಸು. ಸಮವಸ್ತ್ರ, ಸೊಂಟದಲ್ಲಿ ಏನೇನೋ ನೇತಾಡುತ್ತಿದ್ದವು, ಎದೆಯ ಮೇಲಿನ ಪಟ್ಟಿಯಲ್ಲಿ ಡೊನೆಲಿ ಎಂಬ ಹೆಸರು. ಸುರೇಶ ಹಿಂಬಾಗಿಲಿನತ್ತ ನೋಡಿದ. ವೀರೇಂದ್ರ ಹೋಳಿಗೆಯನ್ನು ಎಲೆಯಿಂದ ಕೈಗೆ ತೆಗೆದುಕೊಂಡು ಎದ್ದ. ಬಾಗಿಲು ತೆರೆದ ಶಿವಪ್ರಕಾಶನನ್ನು ಅವಳು ನೆತ್ತಿಯಿಂದ ಹೊಟ್ಟೆಯವರೆಗೆ ನೋಡಿ, ಮುಗುಳ್ನಕ್ಕು, ನಿನ್ನ ವಿಷಯ ನನಗೆ ಎಷ್ಟೊಂದು ಗೊತ್ತು ಎಂದಳು.

ಹದಿನೇಳು ವರ್ಷ ಬೇರೆಯವರ ತಪ್ಪು ಹುಡುಕಿದವನು ಒಂದೇ ಉಸಿರಿನಲ್ಲಿ ತನ್ನವನ್ನೆಲ್ಲ ಒಪ್ಪಿಸಿದ. ಎರಡು ಸಾವಿರದ ಒಂಬತ್ತರಲ್ಲಿ ನ್ಯೂವರ್ಕ್ ವಿಮಾನ ನಿಲ್ದಾಣದಲ್ಲಿ ಮಾವಿನ ಉಪ್ಪಿನಕಾಯಿಯನ್ನು ಔಷಧಿ ಎಂದು ಹೇಳಿದ್ದು. ಕೆರೆಯ ಬಳಿ 'ತಿನಿಸು ಹಾಕಬೇಡಿ' ಎಂಬ ಬೋರ್ಡಿನ ಕೆಳಗೇ ನಿಂತು ಬಾತುಗಳಿಗೆ ಚಪಾತಿ ಹಾಕಿದ್ದು. ಅರವತ್ತು ಜನರ ಹಾಲಿನಲ್ಲಿ ನೂರ ನಲವತ್ತು ಜನರನ್ನು ಕೂರಿಸಿ ಗೃಹಪ್ರವೇಶದ ಊಟ ಹಾಕಿದ್ದು. ಲೈಸೆನ್ಸಿಲ್ಲದೆ ಸಲಹೆ ಕೊಟ್ಟಿದ್ದು, ವೀರೇಂದ್ರನ ಬೇಲಿಯ ಸಹಿತ. ಶನಿವಾರಗಳು, ದೋಸೆಗಳು, ಸಂಖ್ಯೆಯ ಸಹಿತ, ಜೊತೆಗಿದ್ದ ಸುರೇಶನ ಸಹಿತ. ಕೊನೆಗೆ ದನಿ ಇಳಿಸಿ ಎಂಟು ವರ್ಷದ ಹಿಂದಿನ ಟಿಕೆಟ್ಟಿಗೆ ಬಂದ.

"ಅದರಲ್ಲಿ ನಾನು ವಾದ ಮಾಡ್ಲಿಲ್ಲ, ಆಫೀಸರ್. ಗಿಲ್ಟಿ ಅಂತ ಹೇಳಿ ಬಂದೆ. ಜಡ್ಜು ತಲೆ ಎತ್ತಿ ನೋಡಲೂ ಇಲ್ಲ."

ವೀರೇಂದ್ರ ಹೋಳಿಗೆಯನ್ನು ಮತ್ತೆ ಎಲೆಗೆ ಇಟ್ಟ. ಸಾರ್ಜೆಂಟ್ ತಲೆಯ ಟೊಪ್ಪಿ ತೆಗೆದು, ತಾನು ಬಂಧಿಸಲು ಬಂದಿಲ್ಲವೆಂದೂ, ಡ್ಯೂಟಿಗೆ ಹೋಗುವ ದಾರಿಯಲ್ಲಿ ತನ್ನ ವಿದ್ಯಾರ್ಥಿನಿಯಿಂದ ಒಂದು ಸಹಿಯ ಕಾಗದ ತೆಗೆದುಕೊಂಡು ಹೋಗಲು ಬಂದೆನೆಂದೂ ಹೇಳಿದಳು. ವಾರಕ್ಕೆರಡು ದಿನ ಅವಳು ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ವಿಷಯ ಕ್ರಿಮಿನಲ್ ಜಸ್ಟಿಸ್. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ವಿದ್ಯಾರ್ಥಿನಿ ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಯ ಲಟ್ಟಣಿಗೆ ಹಿಡಿದು ನಿಂತಿದ್ದರು.

ರುದ್ರಮ್ಮ ಅಳಿಯನನ್ನು ನೋಡಿದರು, ಆಮೇಲೆ ಮಗಳನ್ನು.

"ಸುಮ್ಮನಿರೋ ಹಕ್ಕು ಈ ದೇಶದಾಗ ಎಲ್ಲಾರಿಗೂ ಕೊಟ್ಟಾರವಾ," ಎಂದರು. "ನಮ್ಮ ಅಳಿಯಂದ್ರು ಅದನ್ನ ಬಳಸಂಗೇ ಇಲ್ಲ."

ಮಿಕ್ಕಿದ್ದನ್ನು ಅಕ್ಷತಾ ಹೇಳಿದಳು. ಗಂಡನಿಂದ ಯಾಕೆ ಮುಚ್ಚಿಟ್ಟರೆಂದರೆ, ಅವಳ ಡ್ರೈವಿಂಗ್ ಟೆಸ್ಟಿನ ಸುದ್ದಿಯನ್ನು ಅವನು ಟೆಸ್ಟಿಗೆ ಮೊದಲೇ ಕನ್ನಡ ಕೂಟಕ್ಕೆಲ್ಲ ಹೇಳಿ, ಅವಳು ಎರಡು ಸಲ ಫೇಲಾದದ್ದನ್ನು ಊರೆಲ್ಲ ವಿಚಾರಿಸಿಕೊಂಡಿತ್ತು. ಅವ್ವ ಪಾಸಾದ ಮೇಲೆ ಹೇಳೋಣ ಎಂದಿದ್ದರು. ಮೇಷ್ಟರು ಕೊಟ್ಟ ಕೆಲಸ ಇದು: ಒಬ್ಬ ಸಾಮಾನ್ಯ ಮನುಷ್ಯನನ್ನು ಎಂಟು ವಾರ ಗಮನಿಸಬೇಕು, ಹೆಸರು ಹಾಕಬಾರದು, ಕಂಡದ್ದನ್ನಷ್ಟೇ ಬರೆಯಬೇಕು, ಊಹೆ ಬರೆಯಬಾರದು. ಅಕ್ಷತಾ ದಿನವಿಡೀ ಕುರ್ಚಿ ಬಿಟ್ಟು ಏಳುವುದಿಲ್ಲ, ಅಕ್ಕಪಕ್ಕದವರು ಕಿಟಕಿಯ ಪರದೆ ತೆಗೆಯುವುದಿಲ್ಲ. ಈ ಬೀದಿಯಲ್ಲಿ ಹೋಗುವ ಬರುವ ಮನುಷ್ಯ ಇವನೊಬ್ಬನೇ ಇದ್ದ. ವರದಿ ಇಡೀ ಕಾಲೇಜಿನ ಮುಂದೆ ಓದಲು ಆಯ್ಕೆಯಾಗಿತ್ತು. ಆದರೆ ಗಮನಿಸಲ್ಪಟ್ಟವನ ಒಪ್ಪಿಗೆಯ ಸಹಿಯಿಲ್ಲದೆ ಓದುವಂತಿಲ್ಲ. ಸೋಮವಾರ ಕೊನೆಯ ದಿನ. ಯಾರಿಗೂ ಹೆದರದ ಹೆಂಗಸು ಎರಡು ವಾರದಿಂದ ಆ ಕಾಗದವನ್ನು ವಿಭೂತಿ ಡಬ್ಬಿಯೊಳಗೆ ಮಡಿಸಿ ಇಟ್ಟುಕೊಂಡು, ಅಳಿಯನ ಹತ್ತಿರ ಕೇಳಲಾರದೆ ಇದ್ದರು.

ಕಾಗದ ಮೇಜಿನ ಮೇಲೆ ಬಂತು. ಎಲ್ಲರೂ ಶಿವಪ್ರಕಾಶನನ್ನು ನೋಡಿದರು. ಅರ್ಧ ಗಂಟೆಯ ಹಿಂದೆ ಅವನ ಮಾನ ಇದ್ದ ಜಾಗದಲ್ಲಿ ಈಗ ಏನೂ ಉಳಿದಿರಲಿಲ್ಲ, ಈ ಒಂದು ಸಹಿಯ ಅಧಿಕಾರ ಬಿಟ್ಟು. ಅದನ್ನು ಅವನು ಬೇಗ ಬಿಟ್ಟುಕೊಡಲು ಸಿದ್ಧನಿರಲಿಲ್ಲ. ಓದದೆ ಸಹಿ ಮಾಡುವುದಿಲ್ಲ ಎಂದ. ನೋಟ್‌ಬುಕ್ಕು ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಕೂತ. ಸಾರ್ಜೆಂಟಿಗೆ ಅಕ್ಷತಾ ಎಲೆ ಹಾಕಿದಳು.

ಓದುತ್ತಿದ್ದಾಗ ರುದ್ರಮ್ಮ ಸಾರ್ಜೆಂಟಿಗೆ ಏನೋ ಹೇಳತೊಡಗಿದರು, ಅಕ್ಷತಾ ಇಂಗ್ಲಿಷಿಗೆ ತಿರುಗಿಸಿದಳು. ಗಂಡ ತಿಪ್ಪಣ್ಣನ ಕೈಬರಹ ಎಷ್ಟು ಕೆಟ್ಟದಿತ್ತೆಂದರೆ ಒಮ್ಮೆ ಕೋರ್ಟಿನಲ್ಲಿ ಕೊಡಲಿಯನ್ನು ಕೊಡೆ ಎಂದು ಓದಿ ಆರೋಪಿಯನ್ನು ಬಿಟ್ಟುಬಿಟ್ಟರು. ಅಂದಿನಿಂದ ಆತ ಊಟ ಮಾಡುತ್ತಾ ಹೇಳುವುದು, ಇವರು ರೊಟ್ಟಿ ಬಡಿಯುವುದು ಬಿಟ್ಟು ಬಂದು ಬರೆಯುವುದು. ಕಳವು, ಬಣವೆಗೆ ಬೆಂಕಿ, ಬಾವಿಗೆ ಬಿದ್ದವರು. ಇಪ್ಪತ್ತಾರು ವರ್ಷದ ಪಂಚನಾಮೆಗಳು. ಸ್ಟೇಷನ್ನಿನವರಿಗೂ ಗೊತ್ತಿರಲಿಲ್ಲ. ಒಂದಕ್ಕೂ ತಮ್ಮ ಹೆಸರಿಲ್ಲ, ಎಲ್ಲದರ ಕೆಳಗೂ ಅವರ ಸಹಿ ಎಂದು ರುದ್ರಮ್ಮ ಹೇಳಿದರು. ಅದನ್ನು ದೂರಿನಂತೆ ಹೇಳಲಿಲ್ಲ. ಇನ್ನಷ್ಟು ತುಪ್ಪ ಬಡಿಸಿದರು.

ಶಿವಪ್ರಕಾಶ ಓದುತ್ತಾ ಒಂದು ಪುಟದಲ್ಲಿ ನಿಂತ. "ಸದರಿ ಇಸಮು ಪ್ರತಿ ಮಂಗಳವಾರ ಹಾಗೂ ಗುರುವಾರ ಕೆಲಸಕ್ಕೆ ಹೊರಡುವ ಮುನ್ನ ಬಾಗಿಲ ಬಳಿ ಇರುವ ಬಿಳಿ ಬೂಟುಗಳ ಲೇಸನ್ನು ಸಡಿಲಿಸಿ, ಬೂಟುಗಳನ್ನು ಹೊರಮುಖವಾಗಿ ಇಡುವುದು ಕಂಡುಬಂದಿರುತ್ತದೆ. ಕಾರಣ ತಿಳಿದುಬಂದಿರುವುದಿಲ್ಲ." ಅತ್ತೆಯ ಮಂಡಿ ಬಗ್ಗುವುದಿಲ್ಲ ಎಂಬುದು ಕಾರಣ. ಅದನ್ನು ತಾನು ಮಾಡುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಹೋಳಿಗೆಯ ತುಪ್ಪ ತಾಗಿದೆಯೆಂದು ಯಾರೂ ಕೇಳದಿದ್ದರೂ ಹೇಳಿದ.

ವರದಿಯ ಮೇಲೆ ಯಾರ ಹೆಸರು ಇರುತ್ತದೆ ಎಂದು ಸಾರ್ಜೆಂಟನ್ನು ವಿಚಾರಿಸಿದ. ರುದ್ರಮ್ಮನದು, ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಎಂದಳು. ಅವನು ಪೆನ್ನು ತೆಗೆದುಕೊಂಡ. ಆದರೆ ಒಂದು ಷರತ್ತು ಹಾಕಿದ: ವಯಸ್ಸು ತಿದ್ದಬೇಕು.

"ನನಗೆ ನಲವತ್ತೊಂಬತ್ತು, ಅತ್ತೆ."

"ಪಂಚನಾಮಿ ತಿದ್ದಾಕ ಬರಂಗಿಲ್ರಿ," ಎಂದರು ರುದ್ರಮ್ಮ. "ಕಂಡದ್ದು ಬರದೀನಿ."

ಅವನು ಸಹಿ ಮಾಡಿದ. ಅಷ್ಟಕ್ಕೇ ಮುಗಿಯಲಿಲ್ಲ. ಇಬ್ಬರು ಪಂಚರ ಸಹಿ ಇಲ್ಲದೆ ಯಾವ ಕಾಗದವೂ ಊರ್ಜಿತವಲ್ಲ ಎಂದು ರುದ್ರಮ್ಮ ತೀರ್ಮಾನಿಸಿದರು. ಬೇಕಿಲ್ಲ ಎಂದು ಸಾರ್ಜೆಂಟ್ ಎರಡು ಸಲ ಹೇಳಿದಳು. ಪಂಚರು ಅಷ್ಟರಲ್ಲಿ ಹಿಂಬಾಗಿಲಿನ ಬಳಿ ತಲುಪಿದ್ದರು. ಪಂಚರಾಗಬೇಕಾದವರು ಯಾವಾಗ, ಯಾವ ಬಾಗಿಲಿಂದ ಓಡುತ್ತಾರೆಂದು ಇಪ್ಪತ್ತಾರು ವರ್ಷ ಕೇಳಿ ಬರೆದಿದ್ದ ರುದ್ರಮ್ಮ ಆ ಬಾಗಿಲಿಗೆ ಆಗಲೇ ಚಿಲಕ ಹಾಕಿದ್ದರು. ಸುರೇಶ ತನ್ನ ಪೂರ್ತಿ ಹೆಸರು ಬರೆಯಬೇಕೇ ಎಂದು ಕೇಳಿದ. ತಂದೆಯ ಹೆಸರು, ಊರಿನ ಸಹಿತ ಎಂದರು. ವೀರೇಂದ್ರ ಎಡಗೈಯಲ್ಲಿ ಸಹಿ ಮಾಡಿದ.

ಮಂಗಳವಾರ ಅತ್ತೆಯ ಸಹಪಾಠಿಯ ಕೆಂಪು ಕಾರು ಬರಲಿಲ್ಲ. ಬರುವುದು ಬೇಡವೆಂದು ಶಿವಪ್ರಕಾಶ ಹೇಳಿ ಕಳುಹಿಸಿದ್ದ, ಅರ್ಧ ದಿನ ರಜೆ ಹಾಕಿದ್ದ. ವರದಿ ಓದುವ ದಿನ ಅತ್ತೆಯನ್ನು ಕಾಲೇಜಿಗೆ ತಾನೇ ಬಿಡುತ್ತೇನೆಂದು, ಮುಂದಿನ ಸೀಟಿನ ಮೇಲಿದ್ದ ಸಾಮಾನೆಲ್ಲ ತೆಗೆದು, ಬಾಗಿಲು ತೆರೆದು ನಿಂತ. ರುದ್ರಮ್ಮ ಹೊಸ ಇಳಕಲ್ ಸೀರೆಯಲ್ಲಿ ಬಂದು, ತೆರೆದ ಬಾಗಿಲನ್ನು ದಾಟಿ, ಹಿಂದಿನ ಬಾಗಿಲು ತೆಗೆದು ಕೂತರು. ಮುಂದೆ ಆರಾಮಾಗಿರುತ್ತದೆ, ಕಾಲು ಚಾಚಬಹುದು, ಹೀಟರು ಹತ್ತಿರ ಎಂದು ಅವನು ಬಿನ್ನವಿಸಿಕೊಂಡ.

"ಬ್ಯಾಡ್ರಿ," ಎಂದರು ರುದ್ರಮ್ಮ, ಸೀಟ್ ಬೆಲ್ಟು ಎಳೆದುಕೊಳ್ಳುತ್ತಾ. "ಇಲ್ಲಿಂದ ಕನ್ನಡ್ಯಾಗ ನಿಮ್ಮ ಮಾರಿ ಚೊಲೊ ಕಾಣ್ತೈತಿ."

ಹನ್ನೊಂದು ಮೈಲಿಯನ್ನೂ ಶಿವಪ್ರಕಾಶ ಮುಖದಲ್ಲಿ ಏನನ್ನೂ ತೋರಿಸದೆ ಡ್ರೈವ್ ಮಾಡಿದ.